ಎಡಗಿವಿಯ ಹಿಂದಿನ ಮೂರು ತೂತು

ನಿಮ್ಮ ಮನೆಯವರು ಮಾಡಿದ ಕೆಲಸಕ್ಕೆ ಇನ್ನೊಬ್ಬರ ಹೆಸರು ಬಿದ್ದದ್ದನ್ನು ನೋಡಿಯೂ ಸುಮ್ಮನೆ ಕೂತಿದ್ದೀರಾ? ನಾನು ಕೂತಿದ್ದೆ. ಎಬ್ಬಿಸಿದವರು ಒಬ್ಬರು ಮೇಡಂ.

ಅವರ ಕೊರಳಲ್ಲಿ ಸರದ ಬದಲು ಬೂಟಿನ ಲಾಡಿಗೆ ಕಟ್ಟಿದ ಭೂತಗನ್ನಡಿ ನೇತಾಡುತ್ತಿತ್ತು. ಯಾವ ಶಿಲ್ಪ ಕಂಡರೂ ಮೊದಲು ಅದರ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. "ಮುಖ ಎಲ್ರೂ ನೋಡ್ತಾರೆ. ಮಾಡಿದೋರು ಹಿಂದ್ಗಡೆ ಸಿಕ್ತಾರೆ" ಎನ್ನುತ್ತಿದ್ದರು.

ನಮ್ಮಪ್ಪ ಮಾಲೂರಿನ ಇಟ್ಟಿಗೆ ಗೂಡೊಂದರಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ. ಟೇಕಲ್ಲಿನಲ್ಲಿದ್ದ ಶಿಲ್ಪಿಯೊಬ್ಬರು ಕಣ್ಣು ಮೂಗಿಲ್ಲದ, ಬರೀ ಕಿವಿಗಳಿರುವ ದೊಡ್ಡ ಮಣ್ಣಿನ ತಲೆಗಳನ್ನು ಸುಡಿಸಲು ಅಲ್ಲಿಗೇ ತರುತ್ತಿದ್ದರು. ಶಿಲ್ಪಿ ತೀರಿಕೊಂಡ ಮೇಲೆ ಆ ತಲೆಗಳು ಹೆಸರಾದವು. ಅಪ್ಪನೂ ಹೋದ. ಅವನನ್ನು ಯಾರೂ ಕೇಳಲಿಲ್ಲ.

ಮೇಡಂ ಕಲಾ ಇತಿಹಾಸದವರು, ಆ ಶಿಲ್ಪಿಯ ಮೇಲೆ ಪುಸ್ತಕ ಬರೆಯುತ್ತಿದ್ದರು. ಗೂಡಿನ ವಿಷಯ ಕೇಳಲು ಮನೆಗೆ ಬಂದಾಗ, ತಮ್ಮ ಹಳೆಯ ಲೇಖನವೊಂದನ್ನು ಓದಿ ಹೇಳಿದರು. ಪ್ರತಿ ತಲೆಯ ಎಡಗಿವಿಯ ಹಿಂದಿರುವ ಮೂರು ತೂತುಗಳು ಆಧುನಿಕ ಮನುಷ್ಯನ ಒಂಟಿತನದ ಗಾಯಗಳಂತೆ.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ನಕ್ಕುಬಿಟ್ಟಳು. "ಏಮಮ್ಮಾ, ಗಾಯಾನೂ ಇಲ್ಲ ಗೀಯಾನೂ ಇಲ್ಲ. ಮೊದಲ್ನೇ ಎರಡು ತಲೆ ಬೆಂಕೀಲಿ ಪಟಾರಂತ ಒಡ್ದೋದ್ವು. ಆಮೇಲೆ ನಮ್ಮನೆಯೋರೇ ಹಸಿ ಮಣ್ಣಿಗೆ ಸೈಕಲ್ ಕಡ್ಡೀಲಿ ಚುಚ್ಚಿದ್ರು, ಹಬೆ ಹೋಗ್ಲಿ ಅಂತ."

ನನಗೋ ಮುಜುಗರ. ಅಚ್ಚಾಗಿ ಹೋಗಿದೆ, ಬಿಡಿ ಮೇಡಂ ಎಂದೆ. ಅವರು ನನ್ನನ್ನೇ ಗದರಿದರು. "ಯಾಕ್ರೀ ಬಿಡೋದು? ತಪ್ಪು ನಂದು. ಏನಾದ್ರೂ ಸಾಕ್ಷಿ ಇದ್ರೆ ತೋರಿಸಿ."

ಚಿಕ್ಕಂದಿನಲ್ಲಿ ಅಪ್ಪ ನನಗೆ ಮಾಡಿ ಸುಟ್ಟುಕೊಟ್ಟ ಮಣ್ಣಿನ ಆನೆಯೊಂದು ಅಟ್ಟದ ಮೇಲಿತ್ತು. ತಂದುಕೊಟ್ಟೆ. ಮೇಡಂ ಅಭ್ಯಾಸದಂತೆ ಅದನ್ನು ಹಿಂದುಮುಂದಾಗಿ ತಿರುಗಿಸಿದರು. ಎಡಗಿವಿಯ ಹಿಂದೆ ಮೂರು ತೂತು. ಭೂತಗನ್ನಡಿ ಹಿಡಿದು, ಶಿಲ್ಪಗಳ ಫೋಟೋ ಪಕ್ಕದಲ್ಲಿಟ್ಟು ತುಂಬಾ ಹೊತ್ತು ನೋಡಿದರು. ಅದೇ ಕಡ್ಡಿ, ಅದೇ ಓರೆ. ಅಪ್ಪ ಎಡಚ, ಅದಕ್ಕೇ ಆ ಓರೆ ಎಂದು ಅಮ್ಮ ಸೇರಿಸಿದಳು.

ಕೆಲವು ತಿಂಗಳ ಮೇಲೆ ಕೋಲಾರದಲ್ಲಿ ಅವರ ಭಾಷಣವಿತ್ತು, ಅಮ್ಮನನ್ನೂ ನನ್ನನ್ನೂ ಕರೆಸಿದ್ದರು. ಒಂಟಿತನದ ಗಾಯವನ್ನು ಹೊಗಳಿ ಬರೆದಿದ್ದ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಮೇಡಂ ನಮ್ಮ ಆನೆಯನ್ನು ಮೇಜಿನ ಮೇಲಿಟ್ಟು, "ನಾನು ಬರೆದಿದ್ದು ತಪ್ಪು. ಈ ತಲೆಗಳು ಇವತ್ತು ಉಳಿದಿದ್ರೆ ಅದು ಇವರಿಂದ" ಎಂದು ಅಪ್ಪನ ಪೂರ್ತಿ ಹೆಸರು ಹೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಿವಿಯಲ್ಲಿ, "ಅವರ ಹೆಸ್ರು ಮೈಕಲ್ಲಿ ಬಂದಿದ್ದು ಇದೇ ಮೊದ್ಲು ಕಣೋ" ಎಂದಳು.

ಓದಿದವರು ತಪ್ಪು ಒಪ್ಪಿಕೊಳ್ಳುವುದನ್ನು ನಾನು ನೋಡಿದ್ದೇ ಕಮ್ಮಿ. ಅದೂ ಮೈಕಿನ ಮುಂದೆ!

ಮೇಡಂ ಈ ಯುಗಾದಿಗೆ ಮೊದಲು ತೀರಿಕೊಂಡರು. ಪುಸ್ತಕ ಅದಕ್ಕೂ ಮುಂಚೆ ಬಂದಿತ್ತು. ಪ್ರತಿ ಚಿತ್ರದ ಕೆಳಗೂ ಶಿಲ್ಪಿಯ ಹೆಸರು, ಅದರ ಕೆಳಗೆ 'ಸುಟ್ಟವರು' ಎಂದು ನಮ್ಮಪ್ಪನದು. ಆನೆ ಈಗ ಅಟ್ಟದ ಮೇಲಿಲ್ಲ, ಹಾಲ್‌ನಲ್ಲಿದೆ, ಬೆನ್ನು ಈಚೆಗೆ ಮಾಡಿ ಇಟ್ಟಿದ್ದೇನೆ. ಬಂದವರು ಕೇಳುತ್ತಾರೆ, ಮೇಡಂ ಕಥೆ ಹೇಳುತ್ತೇನೆ.

ನಿಮ್ಮಲ್ಲೂ ಹೀಗೆ ಹಿಂದೆ ಉಳಿದುಹೋದವರು ಇದ್ದಾರಾ? ಏನು ಮಾಡಿದರು, ಹೇಗೆ ಮಾಡಿದರು ಅಂತ ಕೆಳಗೆ ಬರೆಯಿರಿ. ಅವರ ಹೆಸರು ಮಾತ್ರ ಬಿಡಬೇಡಿ.