ಒಂದು ಸಲಕ್ಕೆ ಒಬ್ಬರು

ಎಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗಂಡನೂ ಹೊಸೂರಿನ ಒಂದೇ ಕಾರ್ಖಾನೆಯಲ್ಲಿದ್ದೆವು. ಅವರು ಜೋಡಣೆ ವಿಭಾಗದಲ್ಲಿ, ನಾನು ಕಂಪ್ಯೂಟರ್ ಕೋಣೆಯಲ್ಲಿ. ಮನೆ ಮೂಕಂಡಪಲ್ಲಿಯಲ್ಲಿ, ಮಗಳನ್ನು ನೋಡಿಕೊಳ್ಳಲು ಅತ್ತೆ ಮಾವ ಬೇರಿಕೆ ಹಳ್ಳಿಯ ಹೊಲ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಒಬ್ಬರಿಗೆ ಬೆಳಗಿನ ಶಿಫ್ಟ್, ಇನ್ನೊಬ್ಬರಿಗೆ ಮಧ್ಯಾಹ್ನದ್ದು. ಶಿಫ್ಟ್ ಬದಲಾಗುವಾಗ ಗೇಟಿನ ಹತ್ತಿರವೇ ಮಗಳನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದೆವು. "ಹಾಲು ಕುಡ್ದವ್ಳೆ, ನಿದ್ದೆ ಮಾಡಿಲ್ಲ" ಅಂತ ಒಂದು ಮಾತು, ಅಷ್ಟೇ ನಮ್ಮ ಸಂಸಾರ. ನಮ್ಮಂಥ ಜೋಡಿಗಳು ಅಲ್ಲಿ ಬೇಕಾದಷ್ಟಿದ್ದವು.

ಮೊದಲೆಲ್ಲ ಸೂಪರ್‌ವೈಸರ್ ಎಲ್ಲರ ಹೆಸರನ್ನೂ ಕಣ್ಣೆದುರು ಇಟ್ಟುಕೊಂಡು ಶಿಫ್ಟ್ ಹಾಕುತ್ತಿದ್ದರು. ಆಮೇಲೆ ಆ ಕೆಲಸ ಕಂಪ್ಯೂಟರಿಗೆ ಹೋಯಿತು. ಪ್ರೋಗ್ರಾಂ ಬರೆದ ಆಫೀಸರು ಮಹಾ ಬುದ್ಧಿವಂತರು! ಅದಕ್ಕೆ ಒಂದು ಸಲಕ್ಕೆ ಒಬ್ಬ ನೌಕರನ ವಿವರದ ಸಾಲು ಮಾತ್ರ ಕೊಡಬೇಕು. ಅದು ಅವನ ಶಿಫ್ಟ್ ಹೇಳಿ, ಅವನನ್ನು ಮರೆತು, ಮುಂದಿನವನನ್ನು ಕೇಳುತ್ತಿತ್ತು. ಗಂಡನ ಸಾಲು ಬಂದಾಗ ಹೆಂಡತಿಯದು ಅದರ ಕಣ್ಣಿಗೇ ಬೀಳದು. ಮೊದಲ ವಾರವೇ ನಮ್ಮಿಬ್ಬರಿಗೂ ಬೆಳಗಿನ ಶಿಫ್ಟ್ ಬಿತ್ತು.

"ಕೂಸ್ನ ಒಳ್ಗಾಕಿ ಬೀಗ ಹಾಕ್ಕೊಂಡು ಬರಾನಾ ಕಣಮ್ಮಿ?" ಎಂದು ಗಂಡ ನನ್ನ ಮೇಲೆ ರೇಗಿದರು. ಪ್ರೋಗ್ರಾಂ ನಾನೇ ಬರೆದ ಹಾಗೆ!

ಆಫೀಸರ ಬಳಿ ಹೋದೆ. "ಸಾರ್, ಸಾಲುಗಳನ್ನೆಲ್ಲ ಒಟ್ಟಿಗೇ ಒಳಕ್ಕೆ ಕೊಡೋ ಹಾಗೆ ಮಾಡಿ. ಎಲ್ಲಾರ್ನೂ ನೋಡಿ ಆಮೇಲೆ ಶಿಫ್ಟ್ ಹಾಕ್ಲಿ."

"ಕಂಪ್ಯೂಟರ್ ಗಂಡ ಹೆಂಡ್ತಿ ಅಂತ ನೋಡಲ್ಲಮ್ಮಾ. ಅದಕ್ಕೆ ಎಲ್ಲರೂ ಒಂದೇ," ಎಂದು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಹಟ ಹಿಡಿದಾಗ ಪೆನ್ನು ತೆಗೆದು, ಅಚ್ಚಾದ ಪಟ್ಟಿಯಲ್ಲಿ ನನ್ನ ಗಂಡನ ಶಿಫ್ಟ್ ಒಂದನ್ನೇ ಮಧ್ಯಾಹ್ನಕ್ಕೆ ತಿದ್ದಿದರು. ದೊಡ್ಡ ಉಪಕಾರ ಮಾಡಿದವರಂತೆ, "ಆಯ್ತಲ್ಲ, ಹೋಗಿ" ಎಂದರು.

ಸೋಮವಾರ ಬೆಳಿಗ್ಗೆ ಗೇಟಿಗೆ ಬಂದರೆ, ಪ್ಯಾಕಿಂಗಿನ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಅಳುತ್ತಾ ನಿಂತಿದ್ದಳು. ಅವಳ ಗಂಡನಿಗೂ ಅದೇ ಶಿಫ್ಟ್. ವಾಚ್‌ಮನ್ ಮಗುವನ್ನು ಒಳಗೆ ಬಿಡಲೊಲ್ಲ. ಆಚೆ ಇನ್ನೂ ಮೂರ್ನಾಲ್ಕು ತಾಯಂದಿರು, ಕಂಕುಳಲ್ಲಿ ಕೂಸು. ನನ್ನ ಮಗಳು ಮಾತ್ರ ಮನೆಯಲ್ಲಿ ಅಪ್ಪನ ಜೊತೆ ಹಾಯಾಗಿದ್ದಳು. ಥೂ, ಇದೂ ಒಂದು ನ್ಯಾಯವೇ! ಸಿಟ್ಟು ನೆತ್ತಿಗೇರಿತು.

"ಬನ್ರಮ್ಮಾ, ಎಲ್ಲಾ ಬನ್ನಿ" ಎಂದೆ. ವಾಚ್‌ಮನ್ ಎದ್ದು ತಡೆಯುವಷ್ಟರಲ್ಲಿ ಎಲ್ಲರೂ ಒಳಗಿದ್ದೆವು. ಕೋಣೆಗೇ ನುಗ್ಗಿದ ನಮ್ಮನ್ನು ಕಂಡ ಆಫೀಸರು ಗಾಬರಿಯಾಗಿ, "ಏನಮ್ಮಾ ಇದು ಸಂತೆ? ಒಬ್ಬೊಬ್ಬರೇ ಬಂದು ಹೇಳಿ" ಎಂದರು.

"ಒಬ್ಬೊಬ್ರೇ ಬಂದಿದ್ದಕ್ಕೇ ಸಾರ್ ಹಿಂಗಾಗಿದ್ದು," ಎಂದು, ಕೂಸುಗಳನ್ನೆಲ್ಲ ಸಾಲಾಗಿ ಅವರ ಮೇಜಿನ ಮೇಲೆ ಕೂರಿಸಿದೆವು.