ಎತ್ತಿ ಕುಡಿದ ನೀರು

ನಶೆಗಾಗಿ ಸೂಜಿ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಮುಟ್ಟಿಸುವುದು ನನ್ನ ಕೆಲಸ. ಸಿಂದಗಿಯ ಒಂದು ಪಾಳು ಗೋದಾಮಿನ ಹಿಂದೆ ಇಬ್ಬರು ಗೆಳೆಯರು ಕೂತಿದ್ದರು. ಒಬ್ಬ ಚುಚ್ಚಿಕೊಂಡು ಅದೇ ಸಿರಿಂಜನ್ನು ಇನ್ನೊಬ್ಬನಿಗೆ ಕೊಟ್ಟ. ಆ ಇನ್ನೊಬ್ಬ ನನ್ನನ್ನು ಕಂಡವನೇ ಪೊಲೀಸನೆಂದು ತಿಳಿದು, ಸೂಜಿಯನ್ನು ನನ್ನ ಕಡೆ ತಿರುಗಿಸಿದ.

"ಸನೇಕ ಬಂದ್ರ ಚುಚ್ಚತೇನಿ!"

"ನಾ ಪೊಲೀಸ್ ಅಲ್ಲೋ ತಮ್ಮಾ. ಮೊದಲ ನೀರ ಕುಡಿ" ಎಂದು ನನ್ನ ಬಾಟ್ಲಿ ಚಾಚಿದೆ. ಅವನು ಒಂದು ಕೈಯಲ್ಲಿ ಸೂಜಿ ಹಿಡಿದೇ, ತುಟಿಗೆ ತಾಗಿಸದೆ ಎತ್ತಿ ಕುಡಿದ.

"ಎತ್ತಿ ಯಾಕ ಕುಡಿದಿ?"

"ಮಂದಿ ಬಾಟ್ಲಿ ಎಂಜಲ ಮಾಡಬಾರದ್ರಿ."

"ಎಂಜಲದಿಂದ ಎಚ್‌ಐವಿ ಬರಂಗಿಲ್ಲ. ಆ ಸೂಜ್ಯಾಗ ನಿನ್ನ ಗೆಳೆಯನ ರಕ್ತ ಐತಲ್ಲ, ಬಂದ್ರ ಅದರಿಂದ ಬರ್ತೈತಿ."

ಅವನು ಸೂಜಿಯನ್ನೇ ದಿಟ್ಟಿಸಿದ. ಆಮೇಲೆ ಅದನ್ನು ನಾನು ತಂದಿದ್ದ ಹಳೇ ಸೂಜಿಗಳ ಡಬ್ಬಿಗೆ ಹಾಕಿ, ಹೊಸದನ್ನು ಇಸಕೊಂಡ.

ಹೋದ ಜೀವ ಬಂದಂತಾಗಿ ನಾನು ಬಾಟ್ಲಿಯನ್ನು ವಾಪಸ್ ತೆಗೆದುಕೊಂಡು ಕಚ್ಚಿ ಕುಡಿದೆ.

"ಥೂ, ಎತ್ತಿ ಕುಡೀರಿ ಸರ" ಎಂದ. "ಕಲತವ್ರು ನೀವು!"