ಗಂಧದ ಹಾರ ಮತ್ತು ನನ್ನ ಮೊದಲ ಸಾವು

ವಾಕಡದ ನಮ್ಮ ಮನೆಗೆ ನೀವು ಬಂದರೆ, ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ, ಚಹಾ ಸೋಸುವ ಜರಡಿಯ ಜೊತೆಗೆ, ಒಂದು ಗಂಧದ ಹಾರ ತೂಗಾಡುವುದನ್ನು ಕಂಡು ಗಾಬರಿಯಾಗಬೇಡಿ. ಮನೆಯಲ್ಲಿ ಯಾರೂ ಸತ್ತಿಲ್ಲ. ಸತ್ತಿದ್ದವಳು ನಾನೇ, ಅದೂ ಏಳು ತಿಂಗಳ ಮಟ್ಟಿಗೆ, ವಾರಕ್ಕೆ ಆರು ದಿನ.

ನಟಿಯಾಗಲು ಹೊರಟ ನನಗೆ ಕಿರುಚಿತ್ರಗಳಲ್ಲಿ ಸಿಕ್ಕಿದ್ದೆಲ್ಲ ಬೆನ್ನಿನ ಪಾತ್ರಗಳು: ಬಸ್ಸಿಗೆ ಕಾಯುವ ಬೆನ್ನು, ಕಿಟಕಿಯಾಚೆ ನೋಡುವ ಬೆನ್ನು, ಒಮ್ಮೆಯಂತೂ ಬರೀ ಜಡೆ. ಕೊನೆಗೆ ಮರಾಠಿ ಧಾರಾವಾಹಿಯೊಂದು ನನ್ನ ಮುಖವನ್ನೇ ಕೇಳಿತು. ನಾಯಕನ ಮೊದಲ ಹೆಂಡತಿ! ಅವ್ವ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿ ಟಿ.ವಿ. ಮುಂದೆ ಕೂತರೆ, ಕಂಡದ್ದು ಗೋಡೆಯ ಮೇಲಿನ ನನ್ನ ಫೋಟೊ, ಅದಕ್ಕೊಂದು ಗಂಧದ ಹಾರ. ನಾಯಕ ಅಳುತ್ತಿದ್ದ, ನಾನು ನಗುತ್ತಿದ್ದೆ. ಫೋಟೊದಲ್ಲಿ ಬೇರೇನು ಮಾಡಲಿಕ್ಕಾಗುತ್ತದೆ ಹೇಳಿ?

"ಮದುವಿ ಆಗದ ಹುಡುಗಿ, ಜೀವಂತ ಅದಾಳ, ಹಾರ ಹಾಕ್ಯಾರಲ್ಲ! ಇವರಿಗೇನ್ ರೋಗ ಬಂದದ?" ಎಂದು ಅವ್ವ ಎದ್ದಳು. ಅಂದಿನಿಂದ ದಿನಾ ಸಂಜೆ ಏಳಕ್ಕೆ, ಫೋಟೊ ಕಂಡ ಕೂಡಲೇ, ಉಪ್ಪು ಮೆಣಸಿನಕಾಯಿಯನ್ನು ಟಿ.ವಿ.ಗೆ ನಿವಾಳಿಸಿ ಗ್ಯಾಸಿನ ಉರಿಗೆ ಹಿಡಿಯುತ್ತಿದ್ದಳು. ಆ ಘಾಟಿಗೆ ಇಡೀ ಮಹಡಿ ಕೆಮ್ಮುತ್ತಿತ್ತು. ನನ್ನ ನಟನೆಗೆ ಸಿಕ್ಕ ಮೊದಲ ಪ್ರತಿಕ್ರಿಯೆ ಅದೇ.

"ದೀಪಾವಳಿ ತನಕ ನೋಡ್ತೀನಿ," ಎಂದಳು ಕೊನೆಗೆ. "ಅಷ್ಟರಾಗ ಬಾಯಿ ಬಿಟ್ಟು ಮಾತಾಡೋ ಪಾತ್ರ ಸಿಗ್ಲಿಲ್ಲಂದ್ರ, ಸುಮ್ನ ಮಗರಪಟ್ಟಾದಾಗ ನಿಮ್ಮಕ್ಕನ ಆಫೀಸ್ ಸೇರು."

ಸತ್ತ ಹೆಂಡತಿಗೆ ಸಿಗುವ ಮರ್ಯಾದೆಯೇ ಬೇರೆ, ಗೆಳೆಯರೇ. ಬದುಕಿರುವ ಎರಡನೆಯವಳ ಮಾತಿಗೆ ಹ್ಞೂಂಗುಟ್ಟದ ನಾಯಕ, ನನ್ನ ಮೌನವನ್ನು ಕೈಮುಗಿದು ಕೇಳುತ್ತಿದ್ದ. ಆದರೆ ನನಗೆ ಆ ಭಕ್ತಿ ಬೇಡವಾಗಿತ್ತು; ಒಂದೇ ಒಂದು ಮಾತು ಬೇಕಾಗಿತ್ತು. ದೀಪಾವಳಿ ಹತ್ತಿರವಾದಂತೆ ನಿಜಕ್ಕೂ ಹೆದರಿದ್ದೆ.

ಹಬ್ಬಕ್ಕೆ ವಾರವಿರುವಾಗ, ನಿರ್ದೇಶಕರ ಹತ್ತಿರ ತಾನೇ ಮಾತಾಡುತ್ತೇನೆಂದು ಅವ್ವ ನನ್ನೊಡನೆ ಸೆಟ್ಟಿಗೆ ಬಂದಳು. ಎಲ್ಲರೂ ಊಟಕ್ಕೆ ಹೋಗಿದ್ದರು. ಅವ್ವ ನೇರ ಗೋಡೆಯ ಬಳಿ ಹೋಗಿ, ಫೋಟೊದ ಹಾರ ತೆಗೆದು, ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಾತಾಡುವುದೇನೂ ಉಳಿಯಲಿಲ್ಲ. ನಾನು ಕಂಡೂ ಸುಮ್ಮನಿದ್ದೆ. ಪಾಪವಿದ್ದರೆ ಅರ್ಧ ನನ್ನದು.

ಮಧ್ಯಾಹ್ನ ಆ ಗೋಡೆಯ ಮುಂದೆ ಎರಡು ದೃಶ್ಯಗಳ ಚಿತ್ರೀಕರಣವಾಯಿತು. ಯಾರಿಗೂ ತಿಳಿಯಲಿಲ್ಲ, ಏಕೆಂದರೆ ದಿನಾ ಕಾಣುವುದನ್ನು ಯಾರೂ ನೋಡುವುದಿಲ್ಲ. ಇಂದು ತೆಗೆದದ್ದು ನಾಳೆ ಪ್ರಸಾರವಾಗಲೇಬೇಕಾದ ಕಾರ್ಖಾನೆ ನಮ್ಮದು. ಮರುದಿನ ವೀಕ್ಷಕರು ಮಾತ್ರ ಸರಿಯಾಗಿ ನೋಡಿದರು: ಹಾರವಿಲ್ಲ, ಅಂದರೆ ಬದುಕಿದ್ದಾಳೆ! ಚಾನೆಲ್ಲಿಗೆ ಸಂದೇಶಗಳ ಸುರಿಮಳೆ. ನಿರ್ದೇಶಕರು "ಹಾರ ಕುಠೇ ಗೇಲಾ?", ಹಾರ ಎಲ್ಲಿ ಹೋಯಿತು, ಎಂದು ಕೂಗಾಡುವಾಗ, ತಿಂಗಳುಗಳಿಂದ ಕಥೆ ಸಿಗದೆ ಒಣಗಿದ್ದ ಬರಹಗಾರರು ಕುರ್ಚಿಯಿಂದ ಜಿಗಿದೆದ್ದರಂತೆ.

ಲಕ್ಷ್ಮೀಪೂಜೆಯ ಸಂಜೆ, ಧಾರಾವಾಹಿಯಲ್ಲಿ, ನಾನು ನಾಯಕನ ಮನೆಯ ಹೊಸ್ತಿಲು ದಾಟಿ ಬಂದು, "ಮೀ ಆಲೇ" ಅಂದೆ. ನಾನು ಬಂದೆ, ಅಷ್ಟೇ, ಎರಡೇ ಪದ. ನಮ್ಮ ಮನೆಯಲ್ಲಿ ಅವ್ವ ಮೆಣಸಿನಕಾಯಿ ಕೈಯಲ್ಲಿ ಹಿಡಿದೇ ಗೊಳೋ ಎಂದು ಅತ್ತಳು. ಮಗರಪಟ್ಟಾದ ಮಾತು ಮತ್ತೆ ಬರಲಿಲ್ಲ.

ಹಾರ ಸೆಟ್ಟಿನದು, ಹಿಂದಿರುಗಿಸೋಣವೆಂದರೆ, "ಹುಚ್ಚಿ, ಕೊಟ್ರ ಮತ್ತ ಹಾಕ್ತಾರ," ಎನ್ನುತ್ತಾಳೆ. ಮೊನ್ನೆ ಚಹಾ ಕುಡಿಯುತ್ತ, ಬರಹಗಾರರಿಗೆ ಮತ್ತೆ ಕಥೆ ಹೊಳೆಯುತ್ತಿಲ್ಲವಂತೆ ಎಂದು ಸುಮ್ಮನೆ ಹೇಳಿದೆ. ಅವ್ವ ಲೋಟ ಕೆಳಗಿಟ್ಟು ಎದ್ದು ಹೋಗಿ, ಹಾರವನ್ನು ಮೊಳೆಗೆ ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿ ಬಂದಳು.